ಬೇಳೆ ಕುದಿಯುವ ಮನೆ

ಆಯಿಯ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ತುದಿ ಚಪ್ಪಟೆಯಾಗಿ, ಅರಿಸಿನದ ಬಣ್ಣ ಕೂತು, ಹಳೆಯ ನಾಣ್ಯದ ಹಾಗೆ ಸವೆದುಹೋಗಿತ್ತು. ರೇಶನ್ ಅಂಗಡಿಯ ಯಂತ್ರದ ಮೇಲೆ ಆಕೆ ಬೆರಳಿಟ್ಟರೆ ಕೆಂಪು ದೀಪವೇ. ತೊಳೆದು ಇಟ್ಟರೂ ಅಷ್ಟೇ, ಒರೆಸಿ ಇಟ್ಟರೂ ಅಷ್ಟೇ, ಅಂಗಡಿಯವನೇ ಕೈ ಹಿಡಿದು ಒತ್ತಿದರೂ ಅಷ್ಟೇ. ಹಿಂದೆ ನಿಂತವರು ಗೊಣಗತೊಡಗಿದರೆ ಆಯಿ ಸೊಂಟದ ಮೇಲೆ ಕೈಯಿಟ್ಟು ತಿರುಗುತ್ತಿದ್ದಳು. "ನಾ ಏನ್ ಮಾಡಲ್ರಿ? ಹುಟ್ಟಿದಾಗಿಂದ ಬ್ಯಾಳಿ ಹಿಚುಕೀನಿ. ನನ್ನ ಗುರ್ತು ಎಲ್ಲಾ ಬ್ಯಾಳ್ಯಾಗ ಹೋಗ್ಯಾದ. ಸರ್ಕಾರಕ್ಕ ನನ್ನ ಗುರ್ತು ಬೇಕಾದ್ರ ಬಂದು ಉಂಡು ಹೋಗಲಿ." ಸಾಲು ನಗುತ್ತಿತ್ತು. ಕೊನೆಗೆ ಎಡಗೈಯ ಯಾವುದೋ ಬೆರಳು ಒಪ್ಪಿಗೆಯಾಗಿ ಅಕ್ಕಿ ಸಿಗುತ್ತಿತ್ತು.

ಆಯಿ ನಮಗೆ ಸಂಬಂಧಿಕಳಲ್ಲ. ತಾಂಡೂರಿನ ಬಸ್ ಸ್ಟ್ಯಾಂಡಿನ ಹಿಂದೆ ಆಕೆಯದೊಂದು ಖಾನಾವಳಿ ಇತ್ತು. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿ. ಇದರಾಚೆಗೆ ಇನ್ನೇನಾದರೂ ಕೇಳಿದವರಿಗೆ "ಅದು ನಿಮ್ಮ ಮನ್ಯಾಗ ಮಾಡಿಸ್ಕೋರಿ" ಎಂಬ ಉತ್ತರ. ಊರಿಗೆಲ್ಲ ಆಕೆ ಖಾನಾವಳಿ ಆಯಿ. ನಮ್ಮ ಮನೆ ಕೆರೆ ಓಣಿಯಲ್ಲಿತ್ತು. ಹಿತ್ತಲ ಗೋಡೆ ದಾಟಿದರೆ ಕೆರೆ. ಆ ಹಿತ್ತಲಲ್ಲಿದ್ದ ನಮ್ಮ ಬಾವಿಯ ನೀರಿಲ್ಲದೆ ಆಯಿಯ ಬೇಳೆಗೆ ರುಚಿಯಿಲ್ಲ. ದಿನಾ ಬೆಳಿಗ್ಗೆ ಎರಡು ಕೊಡ ಹಿಡಿದು ಬರುತ್ತಿದ್ದಳು. ನನಗೆ ಏಳು ವರ್ಷವಾಗಿದ್ದಾಗ ನನ್ನವ್ವ ತೀರಿಕೊಂಡಳು. ಮರುದಿನ ಆಯಿ ನೀರಿಗೆ ಬಂದವಳು ಕೊಡ ಕೆಳಗಿಟ್ಟು, ಬಾವಿಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು ಜಡೆ ಹಾಕಿದಳು. ನಾನು ಹೈಸ್ಕೂಲು ಮುಗಿಸುವವರೆಗೂ ನನ್ನ ಜಡೆ ಆಕೆಯದೇ. ಆ ಜಡೆಗೆ ಒಗ್ಗರಣೆಯ ವಾಸನೆ ಇರುತ್ತಿತ್ತು. ಶಾಲೆಯಲ್ಲಿ ಗೆಳತಿಯರು ಗೇಲಿ ಮಾಡಿದರೂ ನನಗೆ ಬೇಸರವಾಗಿದ್ದಿಲ್ಲ.

ತಾಂಡೂರಿನ ತೊಗರಿಗಿರುವ ಹೆಸರನ್ನು ನಾನು ಹೇಳಬೇಕಾಗಿಲ್ಲ. ಆದರೆ ಎಂಥ ತೊಗರಿಯಾದರೂ ನೀರು ಸರಿಯಿಲ್ಲದಿದ್ದರೆ ಕುದಿಯುವುದಿಲ್ಲ, ಮೆತ್ತಗೆ ಬೇಯುವುದಿಲ್ಲ. ಎಷ್ಟು ಸೌದೆ ಉರಿಸಿದರೂ ಬೇಳೆ ಬೇಳೆಯಾಗಿಯೇ ನಿಂತಿರುತ್ತದೆ. "ನೀರು ಬಾಯಾಗ ಸುಳ್ಳು ಹೇಳಬಹುದು, ಬ್ಯಾಳ್ಯಾಗ ಹೇಳಂಗಿಲ್ಲ" ಎನ್ನುವುದು ಆಯಿಯ ಮಾತು. ಈ ಮಾತಿನಿಂದಲೇ ಆಕೆಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ಕೆರೆ ಸುತ್ತಲಿನ ಮನೆ ಕೊಳ್ಳುವವರು ಕಾಗದಪತ್ರ ನೋಡುವ ಮೊದಲು ಆಯಿಯನ್ನು ಕರೆದೊಯ್ಯುತ್ತಿದ್ದರು.

ಆಗ ಕೆರೆ ಓಣಿಯ ಮನೆ ಎಂದರೆ ಸುಮ್ಮನೆ ಅಲ್ಲ. ಕೆರೆಯ ಕಡೆ ಕಿಟಕಿ ಇರುವ ಮನೆಗೆ ಒಂದು ಬಾಡಿಗೆ, ಹಿಂದಿನ ಸಾಲಿನ ಮನೆಗೆ ಅದರ ಮುಕ್ಕಾಲು. ಹೆಣ್ಣು ಕೊಡುವವರೂ "ಹುಡುಗನ ಮನಿ ಕೆರಿ ಓಣ್ಯಾಗ ಅದ" ಎಂದರೆ ಎರಡನೇ ಮಾತಾಡುತ್ತಿರಲಿಲ್ಲ. ಎಲ್ಲ ಹಿತ್ತಲಲ್ಲೂ ಬಾವಿ, ಬಾವಿಗೆಲ್ಲ ಕೆರೆಯದೇ ಒಸರು. ಓಣಿಯ ಬೆಲೆಯೆಲ್ಲ ಆ ನೀರಿನಲ್ಲಿತ್ತು.

ಆಯಿಯ ಪರೀಕ್ಷೆಗೆ ಒಂದು ಕ್ರಮವಿತ್ತು. ಬೋಗುಣಿ ಆಕೆಯದು, ಹಿಂದಿನ ಸುಗ್ಗಿಯ ಒಂದು ಬೊಗಸೆ ಬೇಳೆಯೂ ಆಕೆಯದು. ಮನೆಯವರದು ಬಾವಿಯ ನೀರು ಮತ್ತು ಬೆಂಕಿ ಮಾತ್ರ. ಉಪ್ಪಿಲ್ಲ, ಅರಿಸಿನವಿಲ್ಲ, ಎಣ್ಣೆಯ ಹನಿಯಿಲ್ಲ. ಮುಚ್ಚಳ ಮುಚ್ಚಿ, ಒಲೆಯ ಮುಂದೆ ಕೂತು ಎರಡು ಸಲ ಎಲೆ ಅಡಿಕೆ ಹಾಕುವಳು. ಎರಡನೆಯದು ಮುಗಿಯುತ್ತಲೇ ಒಂದು ಬೇಳೆ ತೆಗೆದು ಹೆಬ್ಬೆರಳಲ್ಲಿ ಹಿಚುಕುವಳು. ಕರಗಿದರೆ, "ಕುದ್ದಾದ. ತಗೋರಿ." ಕರಗದಿದ್ದರೆ ಕೆಟ್ಟದ್ದು ಎನ್ನುತ್ತಿರಲಿಲ್ಲ, "ಇನ್ನೊಂದು ಮನಿ ನೋಡ್ರಿ" ಎಂದಷ್ಟೇ ಹೇಳಿ ಏಳುತ್ತಿದ್ದಳು. ಕೂಲಿಯೆಂದು ಏನೂ ಮುಟ್ಟುತ್ತಿರಲಿಲ್ಲ. ಬೇಳೆ ಬಸಿದ ಕಟ್ಟನ್ನು ಮಾತ್ರ ತಂಬಿಗೆಯಲ್ಲಿ ತುಂಬಿಕೊಂಡು ಹೋಗಿ ಅದರಲ್ಲೇ ಅವತ್ತಿನ ಸಾರು ಮಾಡುತ್ತಿದ್ದಳು.

ಒಮ್ಮೆ ಒಬ್ಬ ದಲಾಲಿ ಆಕೆಗೆ ಇಳಕಲ್ ಸೀರೆ ತಂದುಕೊಟ್ಟ. ಆಯಿ ಬಿಚ್ಚಿ, ಸೆರಗು ನೋಡಿ, ಬಣ್ಣ ಚೆನ್ನಾಗಿದೆ ಎಂದು ಹೊಗಳಿ, ಮತ್ತೆ ಮಡಿಸಿ ಅವನ ಕೈಗೇ ಇಟ್ಟಳು. "ನಾ ಹೊಸಾ ಸೀರಿ ಉಟ್ಟೀನಂತ ಬ್ಯಾಳಿಗಿ ಹ್ಯಾಂಗ ತಿಳೀಬೇಕೋ ತಮ್ಮಾ? ಅದಕ್ಕ ಕಣ್ಣಿಲ್ಲ." ಅಂದಿನಿಂದ ದಲಾಲಿಗಳೆಲ್ಲ ಗಿರಾಕಿ ಜೊತೆಗಿದ್ದಾಗ ಆಕೆಯನ್ನು ಕಂಡರೆ ದಾರಿ ಬದಲಿಸುತ್ತಿದ್ದರು. "ಆಯಿ ಮುಂದ ನಮ್ಮ ಬ್ಯಾಳಿ ಬೇಯಂಗಿಲ್ಲ" ಎಂದು ಖಾನಾವಳಿಯಲ್ಲಿ ಕೂತು ಅವರೇ ನಗುತ್ತಿದ್ದರು, ಊಟ ಮಾತ್ರ ಅಲ್ಲೇ ಮಾಡುತ್ತಿದ್ದರು.

ಕೆರೆ ಕೆಟ್ಟದ್ದು ಒಂದು ದಿನದಲ್ಲಲ್ಲ. ಮೇಲಿನ ದಿಬ್ಬದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳು ಒಂದೊಂದಾಗಿ ಎದ್ದವು. ಕಲ್ಲು ತೊಳೆದ ಬಿಳಿ ರಾಡಿ ಮಳೆಗಾಲದಲ್ಲಿ ಹರಿದು ಕೆರೆಗೆ ಬಂತು. ಹೊಸ ಬಡಾವಣೆಗಳ ಮೋರಿಗಳೂ ಅಲ್ಲಿಗೇ ತಿರುಗಿದವು. ಮೊದಲು ನೀರು ಹಾಲಿನ ಬಣ್ಣವಾಯಿತು, ಆಮೇಲೆ ಅಂತರಗಂಗೆ ಬೆಳೆದು ನೀರೇ ಕಾಣದಾಯಿತು, ಆಮೇಲೆ ವಾಸನೆ. ಸಂಜೆಯ ಗಾಳಿ ಓಣಿಯ ಕಡೆ ಬೀಸುತ್ತದೆ. ಉಂಡ ಅನ್ನ ಹೊಟ್ಟೆಯಲ್ಲಿ ನಿಲ್ಲದಂಥ ವಾಸನೆ. ಕೆರೆಯ ಕಡೆಯ ಕಿಟಕಿಗಳಿಗೆ ಜನ ಇಟ್ಟಿಗೆ ಕಟ್ಟಿಸಿದರು. ಬಾಡಿಗೆಯ ಲೆಕ್ಕ ತಿರುವುಮುರುವಾಗಿ, ಹಿಂದಿನ ಸಾಲಿನವರು ಮೀಸೆ ತಿರುವಿದರು. ದಲಾಲಿಗಳು ಗಿರಾಕಿಗಳನ್ನು ಹನ್ನೊಂದು ಗಂಟೆಯೊಳಗೇ ಕರೆತಂದು, ಗಾಳಿ ತಿರುಗುವ ಮೊದಲು ಚಹಾ ಕುಡಿಸಿ ಕಳಿಸುತ್ತಿದ್ದರು. ಓಣಿಯ ಮನೆ ಓಣಿಯ ಜನರಿಗೇ ಎನ್ನುವ ಒಂದು ಕಟ್ಟಳೆ ನಮ್ಮಲ್ಲಿ ಬಹಳ ಕಾಲದಿಂದ ಇತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು. ಬೆಲೆ ಅರ್ಧಕ್ಕೆ ಇಳಿದ ಮೇಲೆ ಕೊಳ್ಳುವವರ ಕುಲ ಕೇಳುವುದನ್ನು ಬಿಟ್ಟರು. ನಮ್ಮ ಹಿರಿಯರ ದೊಡ್ಡ ಮನಸ್ಸಿನಿಂದ ಆಗದಿದ್ದದ್ದು ಕೊಳೆತ ನೀರಿನಿಂದ ಆಯಿತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಆಯಿ ಕೊಡ ಇಲ್ಲದೆ ನಮ್ಮ ಮನೆಗೆ ಬಂದಳು. ಅಪ್ಪ ಪೂಜೆ ಮುಗಿಸಿ ಕೂತಿದ್ದರು. "ನಿಮ್ಮ ಬಾವಿ ನೀರಿಗಿ ನಿನ್ನೆ ಬ್ಯಾಳಿ ಕುದೀಲಿಲ್ರಿ. ಮೂರು ಸಲ ಇಟ್ಟು ನೋಡ್ದೆ," ಎಂದು ನೆಲ ನೋಡುತ್ತ ಹೇಳಿದಳು. ಅಪ್ಪ, "ಆತು ಬಿಡವ್ವಾ, ಅದರದೂ ವಯಸ್ಸಾತು," ಎಂದರು. ಅವರಿಬ್ಬರೂ ಬಾವಿಕಟ್ಟೆಯ ಹತ್ತಿರ ಹೋಗಿ ಇಣುಕಿ ನೋಡಿದರು. ಅದಾದ ಮರುವರ್ಷ ಅಪ್ಪ ತೀರಿಹೋದರು.

ನಾನಾಗ ಅಪ್ಪನ ಮನೆಯಲ್ಲೇ ಇದ್ದು ಬಶೀರಾಬಾದಿನ ಶಾಲೆಗೆ ಓಡಾಡುವ ವಿಜ್ಞಾನದ ಟೀಚರ್. ಗಂಡನ ಕೆಲಸ ಜಹೀರಾಬಾದಿನ ಒಂದು ಕಾರ್ಖಾನೆಯಲ್ಲಿ. ವಾರಕ್ಕೊಮ್ಮೆ ಗಂಡನ ಮುಖ ನೋಡುವ ಸಂಸಾರ. ಅಲ್ಲಿ ಮಗಳನ್ನು ಕಟ್ಟಿಕೊಂಡು ಆತ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಹೊರುತ್ತಿದ್ದ. ನನಗೆ ಜಹೀರಾಬಾದಿನ ಹತ್ತಿರದ ಝರಾಸಂಗಂ ಕಡೆಗೆ ವರ್ಗ ಸಿಕ್ಕಿತು. ಅಪ್ಪನ ಮನೆ ಮಾರಿದರೆ ಜಹೀರಾಬಾದಿನಲ್ಲಿ ಎರಡು ಕೋಣೆಯ ಮನೆಯೊಂದು ನಮ್ಮದಾಗುವ ಹಾಗಿತ್ತು. ಮಾರದಿದ್ದರೆ ಮುಂದಿನ ವರ್ಷ ಅದೂ ಆಗುವುದಿಲ್ಲ, ಏಕೆಂದರೆ ಕೆರೆ ಓಣಿಯ ಬೆಲೆ ತಿಂಗಳು ತಿಂಗಳಿಗೂ ಇಳಿಯುತ್ತಿತ್ತು. ಬಂದವರು ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ಮಗಳು ಫೋನಿನಲ್ಲಿ "ಮಮ್ಮಿ, ನೀ ಯಾವಾಗ ಬರ್ತಿ?" ಎನ್ನುವಳು. ನನ್ನ ತಲೆ ಕೆಟ್ಟುಹೋಗಿತ್ತು.

ಹಾಗಿರುವಾಗ ಒಬ್ಬ ನರ್ಸು ಬಂದಳು. ಸಿರ್ಗಾಪುರದ ಹುಡುಗಿ, ಅವಳ ಮನೆತನದಲ್ಲಿ ನೌಕರಿ ಕಂಡ ಮೊದಲನೆಯವಳು, ತಾಂಡೂರಿನ ದವಾಖಾನೆಯೊಂದಕ್ಕೆ ಹೊಸದಾಗಿ ಬಂದಿದ್ದಳು. ಜೊತೆಗೆ ಅವಳ ತಾಯಿ. ಇಬ್ಬರೂ ಚಪ್ಪಲಿಯನ್ನು ಬಾಗಿಲಿಂದ ಬಹಳ ದೂರದಲ್ಲಿ ಬಿಟ್ಟು ಒಳಗೆ ಬಂದರು. ವಾಸನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಹುಡುಗಿ ಗೋಡೆ ಮುಟ್ಟಿ ನೋಡಿ, ಬುದ್ಧನ ಫೋಟೊ ಎಲ್ಲಿ ತೂಗುಹಾಕುವುದೆಂದು ತಾಯಿಯ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ಸಂಕೋಚದಿಂದ, "ಟೀಚರ್, ಒಂದೇ ಮಾತು. ಖಾನಾವಳಿ ಆಯಿ ಕುದ್ದಾದ ಅಂದ್ರ ಮನಿ ತಗೋಬೇಕಂತ ದವಾಖಾನ್ಯಾಗ ಎಲ್ಲಾರೂ ಅಂತಾರ್ರಿ. ಒಮ್ಮೆ ಕರಸ್ತೀರೇನು?" ಎಂದಳು.

ಆಯಿ ಬರಲು ಒಪ್ಪಲಿಲ್ಲ. "ನಿನ್ನ ಬಾವಿ ನನಗ ಗೊತ್ತದವ್ವಾ. ಗೊತ್ತಿದ್ದೂ ಗೊತ್ತಿದ್ದೂ ಹ್ಯಾಂಗ ಬರಲಿ?" ಎಂದಳು. ನಾನು, ಈ ಸಲ ಮಳೆ ಜೋರಾಗಿದೆ, ಹೊಸ ನೀರು ಕಟ್ಟೆಯವರೆಗೆ ಬಂದಿದೆ, ಬಾವಿ ತಿಳಿಯಾಗಿದೆ ಎಂದೆ. ಅದು ಅಷ್ಟೂ ಸುಳ್ಳಲ್ಲ. ನೀರು ಮೇಲೆ ಬಂದಿತ್ತು. ಆಯಿಯ ಮುಖ ಅರಳಿತು. "ಮಳಿ ನೀರು ಕೂಡಿದ್ರ ಬಾವಿಗಿ ಜೀವ ಬಂದೀತು ನೋಡು," ಎಂದು ತಾನೇ ಬೋಗುಣಿ ತೊಳೆಯಲು ಎದ್ದಳು. ನಾನು ಮಾತ್ರ ಹಿಂದಿನ ದಿನವೇ ಬೇಳೆ ಕುದಿಸಿ ನೋಡಿದ್ದೆ. ಕುದ್ದಿರಲಿಲ್ಲ.

ಒಂಬತ್ತನೇ ತರಗತಿಗೆ ಗಡಸು ನೀರಿನ ಪಾಠ ಮಾಡುತ್ತಿದ್ದವಳು ನಾನು. ಬೇಳೆಗೆ ಏನು ಹಾಕಿದರೆ ಮೆತ್ತಗಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರೆಲ್ಲ ಪಡಸಾಲೆಯಲ್ಲಿ ಕೂತಿದ್ದಾಗ ಬಾವಿಯಿಂದ ನೀರು ಸೇದಿ ತಂದೆ. ಅಡುಗೆಮನೆಯ ಬಾಗಿಲ ಮರೆಯಲ್ಲಿ ಒಂದು ಚಿಟಿಕೆ ಸೋಡಾ ತಂಬಿಗೆಗೆ ಹಾಕಿ, ಬೆರಳಿನಿಂದಲೇ ಕದಡಿದೆ. ಅಷ್ಟೇ ಕೆಲಸ. ತಂಬಿಗೆಯನ್ನು ಒಯ್ದು ಆಯಿಯ ಕೈಗೆ ಕೊಟ್ಟೆ.

ಬೇಳೆ ಒಲೆಯ ಮೇಲಿರುವಾಗ ಆಯಿ ಮತ್ತು ಹುಡುಗಿಯ ತಾಯಿ ಸುಖದುಃಖ ಮಾತಾಡಿದರು. ಆಯಿ ತನ್ನ ಎಲೆಯ ಚಂಚಿಯನ್ನು ಆಕೆಯ ಮುಂದೆ ಚಾಚಿದಳು. ನಮ್ಮ ಓಣಿಯ ಪಡಸಾಲೆಯಲ್ಲಿ ಕುಲ ನೋಡದೆ ಎಲೆ ಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ತಾಯಿ ಎಲೆಗೆ ಸುಣ್ಣ ಹಚ್ಚುತ್ತ, "ಊರಾಗ ಎರಡು ಎಕರೆ ಇತ್ತರಿ. ಅದನ್ನೇ ಮಾರಿ ಬಂದೀವಿ. ಹೊಲ ಹೋದ್ರ ಹೋತು, ಮಗಳಿಗಿ ಒಂದು ಅಂಗಳ ಆತು ಅಂದ್ರ ಸಾಕು," ಎಂದಳು. ಆಗಲೂ ನಾನು ಎದ್ದು ಬೋಗುಣಿಯನ್ನು ಮಗುಚಿಬಿಡಬಹುದಿತ್ತು. ಮಗಳ ಫೋನು ನೆನಪಾಯಿತು. ಕೂತೇ ಇದ್ದೆ.

ಎರಡನೇ ಎಲೆ ಮುಗಿಯಿತು. ಆಯಿ ಒಂದು ಬೇಳೆ ತೆಗೆದು ಹಿಚುಕಿದಳು. ಬೆಣ್ಣೆಯಾಗಿ ಕರಗಿತು. ಆಕೆ ನನ್ನ ಕಡೆ ತಿರುಗಿ ನಕ್ಕ ನಗು ನನಗೆ ಸಾಯುವವರೆಗೂ ಮರೆಯುವುದಿಲ್ಲ. ನಮ್ಮ ಬಾವಿ ಬದುಕಿತು ಎನ್ನುವ ಸಂತೋಷ ಅದು. ಆಮೇಲೆ ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ತಿಕ್ಕಿದಳು. ಸೋಡಾ ಬಿದ್ದ ಬೇಳೆ ಬೆರಳಿಗೆ ಲೋಳೆಯಾಗಿ ಹತ್ತುತ್ತದೆ. ಇನ್ನೊಂದು ಸಲ ತಿಕ್ಕಿದಳು. ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ನಗು ಮೆಲ್ಲಗೆ ಇಳಿಯಿತು. ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ.

"ಹ್ಯಾಂಗ ಅದರಿ ಆಯಿ?" ಹುಡುಗಿಯ ತಾಯಿ ಕೇಳಿದಳು.

ಆಯಿ ಬೋಗುಣಿಗೆ ಮುಚ್ಚಳ ಮುಚ್ಚಿ, "ಕುದ್ದಾದ," ಎಂದಳು. "ತಗೋರಿ" ಎನ್ನಲಿಲ್ಲ. ಅದು ಅವರಿಗೆ ಗೊತ್ತಾಗುವ ಮಾತಲ್ಲ, ತಾಯಿಮಗಳು ಆಗಲೇ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ಆಯಿ ಕಟ್ಟನ್ನು ತಂಬಿಗೆಗೆ ಬಸಿಯಲಿಲ್ಲ. ಬೋಗುಣಿಯನ್ನು ಹಾಗೆಯೇ ಹಿತ್ತಲಿಗೆ ಒಯ್ದು ಮೋರಿಗೆ ಸುರಿದಳು, ಸೆರಗಿನಿಂದ ಕೈ ಒರೆಸಿಕೊಂಡು ನನಗೆ ಹೇಳದೆ ಹೊರಟುಹೋದಳು.

ಮನೆ ಮಾರಾಟವಾಯಿತು. ಜಹೀರಾಬಾದಿನಲ್ಲಿ ನಮ್ಮ ಎರಡು ಕೋಣೆಯ ಮನೆಯೂ ಆಯಿತು. ಅಲ್ಲಿ ನಳದ ನೀರಿಗೆ ಬೇಳೆ ಎರಡೇ ಸೀಟಿಗೆ ಕುದಿಯುತ್ತದೆ. ಪ್ರತಿ ಸೀಟಿಗೂ ನನಗೆ ಆಯಿಯ ಆ ಮುಖ ಕಾಣುತ್ತಿತ್ತು. ಹಾಗಂತ ತಾಂಡೂರಿಗೆ ಹೋದೆನೇ? ಇಲ್ಲ. ಶಾಲೆ, ಮಗಳ ಪರೀಕ್ಷೆ, ಬಸ್ಸಿನ ತೊಂದರೆ, ಹೇಳಲು ನೆಪಗಳಿಗೇನು ಬರ. ಆಯಿ ಮನೆಗಳಿಗೆ ಹೋಗಿ ಬೇಳೆ ಕುದಿಸಿ ನೋಡುವುದನ್ನು ಬಿಟ್ಟಿದ್ದಾಳೆಂದು ಆ ಕಡೆಯಿಂದ ಬಂದವರು ಹೇಳಿದರು. ಯಾರು ಕರೆದರೂ, "ನನ್ನ ಬೆರಳು ಸತ್ತಾದ್ರಿ, ಈಗ ಏನೂ ತಿಳಿಯಂಗಿಲ್ಲ," ಎಂದು ಕೈಮುಗಿಯುತ್ತಾಳಂತೆ. ವಯಸ್ಸಾಯಿತಲ್ಲ, ಎಂದು ಅವರು. ಹೂಂ, ವಯಸ್ಸಾಯಿತು, ಎಂದು ನಾನು.

ಎರಡು ವರ್ಷದ ಮೇಲೆ ಒಂದು ತರಬೇತಿಗೆಂದು ತಾಂಡೂರಿಗೆ ಹೋಗಬೇಕಾಗಿ ಬಂತು. ಮಧ್ಯಾಹ್ನ ಖಾನಾವಳಿಗೆ ಹೋದೆ. ಆಯಿ ಒಂದು ಕ್ಷಣ ನೋಡಿ, ಏನೂ ಆಗದವಳಂತೆ ಮಣೆ ಹಾಕಿ, ನನಗೆ ಇಷ್ಟವೆಂದು ಅಂಚು ಗರಿಯಾದ ರೊಟ್ಟಿಯನ್ನೇ ಹುಡುಕಿ ಬಡಿಸಿದಳು. "ಸೊರಗಿದೀ ಯಾಕ? ಅಳಿಯಾ ಛಲೋ ನೋಡ್ಕೋತಾನಿಲ್ಲೋ?" ಎಂದು ಕೇಳಿದಳು. ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. "ಆಯಿ, ಅವತ್ತು..." ಎಂದೆ. "ಉಣ್ಣು ಮೊದಲ. ಉಣ್ಣಾಗ ಮಾತಾಡಬಾರದು," ಎಂದಳು. ಉಂಡು ಕೈ ತೊಳೆದು ಬರುವಷ್ಟರಲ್ಲಿ ಆಕೆ ಒಲೆಯನ್ನು ಸೊಸೆಗೆ ಒಪ್ಪಿಸಿ, ಎರಡು ದೊಡ್ಡ ಕ್ಯಾನುಗಳಿಗೆ ನಳದ ನೀರು ತುಂಬಿ, ಹಳೆಯ ಸೈಕಲ್ಲಿಗೆ ಅತ್ತ ಒಂದು ಇತ್ತ ಒಂದು ಕಟ್ಟುತ್ತಿದ್ದಳು. ಸೈಕಲ್ ತುಳಿಯಲು ಬಾರದು, ತಳ್ಳಿಕೊಂಡೇ ಹೋಗಬೇಕು. ಬಿಸಿಲಲ್ಲಿ ಎಲ್ಲಿಗೆ ಎಂದು ಕೇಳಿದೆ. "ಒಬ್ಬರಿಗಿ ಕೊಡೂದದ," ಎಂದಳು. ಬೆನ್ನು ಅಷ್ಟು ಬಾಗಿದ್ದನ್ನು ನಾನು ಅವತ್ತೇ ನೋಡಿದ್ದು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಹೇಳಬೇಕಾದ್ದನ್ನು ಮುಂದಿನ ಸಲ ಹೇಳಿದರಾಯಿತು ಎಂದುಕೊಂಡು ಹೊರಟೆ.

ಮುಂದಿನ ಸಲ ಎನ್ನುವುದು ಬಂದದ್ದು ಒಂದು ವರ್ಷದ ಮೇಲೆ, ಆಯಿ ತೀರಿದ ಸುದ್ದಿಯೊಂದಿಗೆ. ಎಂಟು ದಿನದ ಜ್ವರ, ಅಷ್ಟೇ. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಖಾನಾವಳಿಯ ಮುಂದೆ ಹಾಸಿದ ಜಮಖಾನೆಯ ಮೇಲೆ ಹೆಂಗಸರು ಕೂತಿದ್ದರು. ಎಲ್ಲರಿಗಿಂತ ಹೆಚ್ಚು ಅತ್ತು ಮುಖ ಬಾತವಳು ಆ ನರ್ಸು. ನನ್ನನ್ನು ಕಂಡು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಅಷ್ಟು ಮರ್ಯಾದೆ ನನಗೆ ಸಲ್ಲತಕ್ಕದ್ದಲ್ಲ ಎಂದು ಗೊತ್ತಿದ್ದೂ ಕೂತೆ.

"ನಿಮಗ ಗೊತ್ತಿಲ್ಲ ಟೀಚರ್," ಎಂದು ಅವಳೇ ತಗ್ಗಿದ ದನಿಯಲ್ಲಿ ಶುರುಮಾಡಿದಳು. "ಮನಿ ತಗೊಂಡು ವಾರಕ್ಕ ತಿಳೀತು, ಆ ನೀರಿಗಿ ಬ್ಯಾಳಿ ಕುದಿಯಂಗಿಲ್ಲ ಅಂತ. ಅವ್ವ ಗೋಡಿಗಿ ಹಣಿ ಬಡ್ಕೊಂಡು ಅತ್ಲು. ಮತ್ತ ಮಾರಾಕ ಹೋದ್ರ ಯಾರೂ ಬಾಗಲಾ ಸೈತ ನೋಡ್ಲಿಲ್ಲ. ನಾ ಸಿಟ್ಟೀಲೆ ಬಂದು ಆಯಿಗಿ ಕೇಳ್ದೆ, ಹಿಂಗ್ಯಾಕ ಮಾಡಿದೀ ಅಂತ. ಆಯಿ ಅಂದ್ಲು, ತಪ್ಪಾತವ್ವಾ, ಬೋಗುಣ್ಯಾಗ ಸೋಡಾ ನಾನೇ ಹಾಕೀನಿ, ಆ ಟೀಚರಿಗಿ ಏನೂ ಗೊತ್ತಿಲ್ಲ ಅಂತ. ಮರುದಿನದಿಂದ ಎರಡು ಕ್ಯಾನು ನೀರು. ನಮ್ಮ ಓಣಿಗಿ ಇನ್ನಾ ನಳ ಬಂದಿಲ್ಲಲ್ರಿ. ಜ್ವರ ಬಂದ ದಿನಾ ಸೈತ ಸೊಸಿ ಕೈಲಿ ಕಳಸ್ಯಾಳ."

ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ. ಉಪ್ಪು ತಿಂದವಳು ನಾನು. ಆಯಿ ಆ ನೀರನ್ನು ಮೂರು ವರ್ಷ ಹೊತ್ತಳು. ನನ್ನ ತಲೆ ಬಾಚಿದ ಕೈಗೆ ನಾನು ಕೊಟ್ಟದ್ದು ಅದು.

ಅಲ್ಲಿ ಕೂತ ಹೆಂಗಸರಿಗೆಲ್ಲ ಕೇಳುವ ಹಾಗೆಯೇ ಹೇಳಿದೆ. ಸೋಡಾ ಹಾಕಿದ್ದು ಆಯಿ ಅಲ್ಲ, ನಾನು. ತಂಬಿಗೆಯಲ್ಲಿ ಹಾಕಿ ಕದಡಿದ್ದು ಇದೇ ಬೆರಳು, ಎಂದೆ. ಬೇಕಾದರೆ ಮನೆ ವಾಪಸು ತೆಗೆದುಕೊಳ್ಳುತ್ತೇನೆ ಎಂದೂ ಹೇಳಿದೆ. ಅವಳು ಸಿಟ್ಟಾಗುತ್ತಾಳೆ, ಬಯ್ಯುತ್ತಾಳೆ, ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ; ಅದರಿಂದ ನನಗೆ ಒಂದಿಷ್ಟು ಹಗುರವೂ ಆಗುತ್ತಿತ್ತೇನೋ. ಅವಳು ಹಾಗೇನೂ ಮಾಡಲಿಲ್ಲ. ನನ್ನ ಬೆರಳನ್ನೇ ನೋಡಿದಳು.

"ಇದು ಆಯಿ ಇದ್ದಾಗ ಹೇಳಬೇಕಿತ್ತರಿ ಟೀಚರ್," ಎಂದಳು. "ಮೊದಲಿನ ಎರಡು ತಿಂಗಳು ಅಕಿ ತಂದ ನೀರು ಅಕಿ ಕಣ್ಣೆದುರಿಗೇ ಮೋರಿಗಿ ಚೆಲ್ಲೀನಿ ನಾ."